ಔಷಧಿ ಹೊಡೆದ ಹೊಲದಲ್ಲಿ ಹಕ್ಕಿಗಳಿಗೆ ಏನಾಗುತ್ತಿದೆ? ಅಳೆದು ನೋಡುವ ಬಗೆ

ಮುಸುಕಿನ ಜೋಳ ಬಿತ್ತಿದ ಮರುದಿನ ಬದುವಿನ ಮೇಲೆ ನಾಲ್ಕು ಬೆಳವ ಸತ್ತು ಬಿದ್ದಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ. ಆದರೆ ಕೀಟನಾಶಕದಿಂದ ಹಕ್ಕಿಗಳಿಗೆ ಆಗುವ ಹಾನಿಯಲ್ಲಿ ಹೀಗೆ ಕಣ್ಣಿಗೆ ಬೀಳುವುದು ಸ್ವಲ್ಪವೇ. ವಿಷ ಏರಿದ ಹಕ್ಕಿ ಬೇಲಿಯೊಳಗೋ ಲಂಟಾನದ ಪೊದೆಯೊಳಗೋ ಹೋಗಿ ಕೂರುತ್ತದೆ. ಬೆಳಗಾಗುವುದರೊಳಗೆ ನಾಯಿಯೋ ಮುಂಗುಸಿಯೋ ಎತ್ತಿಕೊಂಡು ಹೋಗಿರುತ್ತದೆ. ಇನ್ನು ಕೆಲವು ಸಾಯುವುದೇ ಇಲ್ಲ, ಮರಿಗೆ ತಿನ್ನಿಸಲು ಹುಳು ಸಿಗದೆ ಗೂಡು ಬಿಟ್ಟು ಹೋಗುತ್ತವೆ. ಹಾಗಾಗಿ ಹಕ್ಕಿ ಎಣಿಸಿದರೆ ಮಾತ್ರ ಸಾಲದು. ಯಾವ ಔಷಧಿ, ಎಷ್ಟು, ಯಾವತ್ತು ಬಿತ್ತು ಎಂಬ ಲೆಕ್ಕ, ಹಕ್ಕಿಯ ಆಹಾರವಾದ ಹುಳುಗಳ ಲೆಕ್ಕ, ಹಕ್ಕಿಗಳ ಲೆಕ್ಕ, ಈ ಮೂರೂ ಒಂದೇ ಹೊಲದಲ್ಲಿ ಒಂದೇ ಕಾಲದಲ್ಲಿ ನಡೆಯಬೇಕು. ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಹಕ್ಕಿ ಗುರುತಿಸುವವರು ಬೇಕಾದಷ್ಟು ಇದ್ದಾರೆ. ಔಷಧಿಯ ಲೆಕ್ಕ ಬರೆಯುವವರೇ ಇಲ್ಲ, ಹೆಚ್ಚಿನ ಪ್ರಯತ್ನಗಳು ಕೆಡುವುದೂ ಅಲ್ಲಿಯೇ.

ಮೊದಲು ಪ್ರಶ್ನೆಯನ್ನು ಸಣ್ಣದು ಮಾಡಿ

"ಹಾಸನ ಜಿಲ್ಲೆಯ ಹಕ್ಕಿಗಳ ಮೇಲೆ ಕೀಟನಾಶಕದ ಪರಿಣಾಮ" ಎಂಬುದಕ್ಕೆ ಯಾರೂ ಉತ್ತರ ಹುಡುಕಲಾರರು. "ಆಲೂರು ಕಡೆಯ ಶುಂಠಿ ಹೊಲಗಳಿಗೆ ಹರಳು ಔಷಧಿ ಹಾಕಿದ ಮೇಲಿನ 15 ದಿನ ನೆಲದಲ್ಲಿ ಮೇಯುವ ಹಕ್ಕಿಗಳು ಕಡಿಮೆಯಾಗುತ್ತವೆಯೇ?" ಎಂಬುದಕ್ಕೆ ಉತ್ತರ ಸಿಗುತ್ತದೆ. ಪ್ರಶ್ನೆ ಕಟ್ಟಲು ವಿಷ ಯಾವ ದಾರಿಯಲ್ಲಿ ಹಕ್ಕಿಗೆ ತಲುಪುತ್ತದೆ ಎಂಬುದು ಗೊತ್ತಿರಬೇಕು.

ಬೀಜಕ್ಕೆ ಲೇಪಿಸಿದ ಔಷಧಿ ತಲುಪುವುದು ಕಾಳು ಹೆಕ್ಕುವ ಬೆಳವ, ಗೌಜಲು, ನವಿಲು, ಪಾರಿವಾಳಗಳಿಗೆ. 2018ರಲ್ಲಿ ಸೈನಿಕ ಹುಳು ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ಮುಸುಕಿನ ಜೋಳದ ಬೀಜಕ್ಕೆ ಥಯಾಮೆಥೋಕ್ಸಾಮ್, ಸಯಾಂಟ್ರಾನಿಲಿಪ್ರೋಲ್ ಎಂಬ ಎರಡು ಕೀಟನಾಶಕ ಬೆರೆಸಿದ ಲೇಪ ಬಂದಿದೆ, ಆದ್ದರಿಂದ ಈ ದಾರಿ ಬಯಲುಸೀಮೆ ಹೊಲಗಳಲ್ಲಿ ಮುಖ್ಯ. ಹರಳು ಔಷಧಿಯನ್ನು ಹಕ್ಕಿ ಕಾಳೆಂದೋ, ಆಹಾರ ಅರೆಯಲು ನುಂಗುವ ಕಲ್ಲುಚೂರೆಂದೋ ಹೆಕ್ಕುತ್ತದೆ. ಕಾರ್ಬೊಫ್ಯುರಾನಿನ ಒಂದೇ ಹರಳು ಗುಬ್ಬಚ್ಚಿ ಗಾತ್ರದ ಹಕ್ಕಿಯನ್ನು ಕೊಲ್ಲಬಲ್ಲದು. ಇನ್ನೊಂದು ಹರಳು ಔಷಧಿ ಫೋರೇಟ್ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧ. ಕಾರ್ಬೊಫ್ಯುರಾನ್‌ನಲ್ಲಿ ಕೇಂದ್ರ ಸರ್ಕಾರದ 2023ರ ಆದೇಶ ಉಳಿಸಿದ್ದು ಹೊದಿಕೆಯುಳ್ಳ 3% ಹರಳನ್ನು ಮಾತ್ರ. ಆದರೂ ಕೊಟ್ಟಿಗೆಯ ಅಟ್ಟದಲ್ಲಿ ಹಳೇ ಪೊಟ್ಟಣ ಉಳಿದಿರಬಹುದು, ಕೇಳಿ ಬರೆದುಕೊಳ್ಳಿ.

ಸಿಂಪಡಣೆಯ ಔಷಧಿ ಹುಳು ತಿನ್ನುವವಕ್ಕೆ ಮುಟ್ಟುತ್ತದೆ: ಕಾಜಾಣ, ಕಳ್ಳಿಪೀರ, ಮಡಿವಾಳ, ನೀಲಕಂಠ, ಬೆಳ್ಳಕ್ಕಿ. ಇಲಿಗೆ ಇಡುವ ಬ್ರೋಮಾಡಿಯೋಲೋನ್ ಕೇಕು ಇಲಿಯ ಹೊಟ್ಟೆ ಸೇರಿ ಅಲ್ಲಿಂದ ಕಣಜ ಗೂಬೆಗೂ ಹದ್ದಿಗೂ ಹೋಗುತ್ತದೆ. ಕಳೆನಾಶಕ ಹಕ್ಕಿಯನ್ನು ನೇರ ಕೊಲ್ಲುವುದು ಅಪರೂಪ. ಅದು ಕಳೆಯ ಬೀಜವನ್ನೂ ಕಳೆಯ ಮೇಲಿನ ಹುಳುವನ್ನೂ ತೆಗೆದುಬಿಡುತ್ತದೆ. ಕಾಳು ತಿನ್ನುವ ಗೌಜಲೂ ಮೊದಲ ವಾರಗಳಲ್ಲಿ ಮರಿಗಳನ್ನು ಹುಳು ಹೆಕ್ಕಿಸಿಯೇ ಸಾಕುವುದು. ಇಂಗ್ಲೆಂಡಿನ ಬೂದು ಪಾರ್ಟ್ರಿಜ್ ಹಕ್ಕಿ ಕಡಿಮೆಯಾದದ್ದಕ್ಕೆ ಇದೊಂದು ದೊಡ್ಡ ಕಾರಣ.

ಕಾಫಿ ತೋಟದ ಮಾತು ಬೇರೆ. ಅರೇಬಿಕಾದ ಬಿಳಿ ಕಾಂಡಕೊರಕಕ್ಕೆ ಕ್ಲೋರ್‌ಪೈರಿಫಾಸ್ ಬೀಳುವುದು ಎಲೆಗಲ್ಲ, ಕಾಂಡಕ್ಕೆ ಮತ್ತು ದಪ್ಪ ರೆಂಬೆಗೆ. ಕಾಲ ಏಪ್ರಿಲ್–ಮೇ, ಮತ್ತೆ ಅಕ್ಟೋಬರ್–ಡಿಸೆಂಬರ್. ಆದ್ದರಿಂದ ಅಲ್ಲಿ ಮೊದಲು ನೋಡಬೇಕಾದವು ತೊಗಟೆಯಲ್ಲಿ ಮೇಯುವ ಮರಕುಟಿಗ, ಚೇಕಡಿ, ಗಿಡದ ಬುಡದಲ್ಲಿ ತರಗು ಕೆದಕುವ ಹರಟೆಮಲ್ಲ. ನೆರಳು ಮರದ ತುದಿಯಲ್ಲಿ ಹಣ್ಣು ತಿನ್ನುವ ಕುಟುರ ಎಣಿಸಿ "ಏನೂ ಆಗಿಲ್ಲ" ಎಂದರೆ ಅದು ಉತ್ತರವಾಗುವುದಿಲ್ಲ.

ಹೊಲಗಳನ್ನು ಜೋಡಿ ಮಾಡುವುದು

ಔಷಧಿ ಹೊಡೆಯುವ ಒಂದು ಹೊಲ, ಹೊಡೆಯದ ಅಥವಾ ತೀರಾ ಕಡಿಮೆ ಹೊಡೆಯುವ ಒಂದು ಹೊಲ. ಇಂಥ ಕನಿಷ್ಠ 8 ಜೋಡಿ ಬೇಕು, 12 ಇದ್ದರೆ ಒಳ್ಳೆಯದು. ಒಂದೇ ಜೋಡಿಯಲ್ಲಿ ನೂರು ಸಲ ಎಣಿಸಿದರೂ ಅದು ಒಂದೇ ಜೋಡಿ. ಜೋಡಿಯ ಎರಡು ಹೊಲಗಳ ನಡುವೆ 500 ಮೀಟರ್‌ಗಿಂತ ಹೆಚ್ಚು ದೂರವಿರಲಿ. ಇಲ್ಲವಾದರೆ ಒಂದೇ ಕಾಜಾಣ ಎರಡೂ ಕಡೆ ಲೆಕ್ಕಕ್ಕೆ ಸಿಗುತ್ತದೆ, ಗಾಳಿಯಲ್ಲಿ ಔಷಧಿಯೂ ತೇಲಿ ಬರುತ್ತದೆ. 5 ಕಿ.ಮೀ. ದಾಟುವುದೂ ಬೇಡ. ಮೂಡಿಗೆರೆ, ಸಕಲೇಶಪುರ ಕಡೆ ಘಟ್ಟದತ್ತ ಸ್ವಲ್ಪ ಸರಿದರೆ ಮಳೆಯೇ ಬೇರೆ.

ಇಲ್ಲಿ ಎಲ್ಲರೂ ಎಡವುವ ಕಲ್ಲೊಂದಿದೆ. ಔಷಧಿ ಹೊಡೆಯದ ರೈತರ ಹೊಲದಲ್ಲಿ ಸಾಮಾನ್ಯವಾಗಿ ಬೇಲಿಯೂ ದಟ್ಟ, ಬದುವಿನ ಮರಗಳೂ ಹೆಚ್ಚು. ಹಾಗಿದ್ದಾಗ ಅಲ್ಲಿ ಹಕ್ಕಿ ಹೆಚ್ಚಿದ್ದರೆ ಅದು ಮರದ ಪುಣ್ಯವೋ, ವಿಷವಿಲ್ಲದ್ದರ ಫಲವೋ ಹೇಳುವುದು ಹೇಗೆ? ಜೋಡಿ ಆರಿಸುವಾಗಲೇ ನಾಲ್ಕು ಸಂಗತಿ ಹೊಂದಿಸಿ: ಅದೇ ಬೆಳೆ ಮತ್ತು ಹೆಚ್ಚು ಕಡಿಮೆ ಅದೇ ಬಿತ್ತನೆ ವಾರ, ಸುತ್ತ 100 ಮೀಟರ್ ಒಳಗಿನ ಮರಗಳ ಸಂಖ್ಯೆ, ಬೇಲಿಯ ಉದ್ದ, ಕೆರೆ ಅಥವಾ ಹಳ್ಳಕ್ಕೆ ಇರುವ ದೂರ. ಕಾಫಿಯಲ್ಲಿ ನೆರಳು ಮರದ ಜಾತಿಯನ್ನೂ ಹೊಂದಿಸಬೇಕು. ಬರೀ ಸಿಲ್ವರ್ ಓಕ್ ಇರುವ ತೋಟವನ್ನು ಅತ್ತಿ, ಹಲಸು, ನಂದಿ ಇರುವ ತೋಟದ ಜೊತೆ ಜೋಡಿಸಿದರೆ ಸಿಗುವ ವ್ಯತ್ಯಾಸ ಮರಗಳದ್ದು.

ಪೂರ್ತಿ ಔಷಧಿ ಬಿಟ್ಟ ಹೊಲ ಸಿಗದಿದ್ದರೆ ಎದೆಗುಂದಬೇಡಿ. ಒಂದು ಬಾರಿ ಹೊಡೆಯುವವರು, ನಾಲ್ಕು ಬಾರಿ ಹೊಡೆಯುವವರು, ಎಂಟು ಬಾರಿ ಹೊಡೆಯುವವರು ಎಂದು ಮೆಟ್ಟಿಲು ಮಾಡಿಕೊಂಡರೂ ನಡೆಯುತ್ತದೆ. ಹಾಸನದ ಆಲೂಗಡ್ಡೆಯಲ್ಲಿ ಇದೇ ಸುಲಭ. ಆದರೆ ಅಲ್ಲಿ ಅಂಗಮಾರಿಗೆ ಹೊಡೆಯುವ ಮ್ಯಾಂಕೋಜೆಬ್‌ನಂಥ ಶಿಲೀಂಧ್ರನಾಶಕವನ್ನೂ ಕೀಟನಾಶಕವನ್ನೂ ಒಂದೇ ಖಾನೆಯಲ್ಲಿ ಬರೆಯಬೇಡಿ.

ಔಷಧಿಯ ಲೆಕ್ಕ

ಪ್ರತಿ ಹೊಲಕ್ಕೆ ಒಂದು ಪುಸ್ತಕ ಇಡಿ. ಕಾಫಿ ಎಸ್ಟೇಟಿನಲ್ಲಿ ರೈಟರ್ ಹತ್ತಿರ ಈಗಾಗಲೇ ಕೆಲಸದ ದಾಖಲೆ ಇರುತ್ತದೆ, ಅದರಲ್ಲಿ ಎರಡು ಕಾಲಂ ಸೇರಿಸಿಕೊಳ್ಳಿ ಎಂದರೆ ಸಾಕು. ಬಾಟಲಿಯ ಲೇಬಲ್ಲಿನ ಫೋಟೋ ತೆಗೆಯಿರಿ, ಅಂಗಡಿಯಲ್ಲಿ ಕರೆಯುವ ಹೆಸರಿಗಿಂತ ಒಳಗಿನ ರಾಸಾಯನಿಕದ ಹೆಸರು ಮತ್ತು ಶೇಕಡಾ ಮುಖ್ಯ. "ಎಷ್ಟು ಹೊಡೆದಿರಿ?" ಎಂದು ಕೇಳಿದರೆ ಲೇಬಲ್ಲಿನ ಪ್ರಮಾಣವನ್ನೇ ಹೇಳುತ್ತಾರೆ. "ಎಷ್ಟು ಟ್ಯಾಂಕ್ ಆಯಿತು? ಟ್ಯಾಂಕಿಗೆ ಎಷ್ಟು ಮುಚ್ಚಳ ಹಾಕಿದಿರಿ?" ಎಂದು ಕೇಳಿ. ಆಮೇಲೆ ಆ ಮುಚ್ಚಳಕ್ಕೆ 10 ಮಿ.ಲೀ. ಸಿರಿಂಜಿನಿಂದ ನೀರು ತುಂಬಿ ಅಳೆಯಿರಿ. ಒಂದೇ ಟ್ಯಾಂಕಿಗೆ ಎರಡು ಮೂರು ಔಷಧಿ ಬೆರೆಸುವುದು ಸಾಮಾನ್ಯ, ಎಲ್ಲವನ್ನೂ ಬರೆಯಿರಿ. 300 ಮೀಟರ್ ಒಳಗಿನ ಅಕ್ಕಪಕ್ಕದ ಹೊಲದವರು ಯಾವತ್ತು ಹೊಡೆದರು ಎಂಬುದನ್ನೂ.

ಲೆಕ್ಕ ಹೀಗೆ: ಕ್ಲೋರ್‌ಪೈರಿಫಾಸ್ 20 ಇ.ಸಿ. (ಶೇ. 20 ವಿಷವಿರುವ ದ್ರವ) ಲೀಟರಿಗೆ 2.5 ಮಿ.ಲೀ., ಎಕರೆಗೆ 200 ಲೀಟರ್ ನೀರು ಎಂದಾದರೆ ಔಷಧಿ 500 ಮಿ.ಲೀ., ಅದರಲ್ಲಿ ಅಸಲು ವಿಷ 100 ಗ್ರಾಂ. ಹೋಲಿಕೆಗೆ ಬೇಕಾದ್ದು ಈ 100.

ಬಾಟಲಿ ಮೇಲಿನ ಬಣ್ಣದ ಗುರುತು ನೋಡಿ ಮೋಸಹೋಗಬೇಡಿ. ಕೆಂಪು, ಹಳದಿ, ನೀಲಿ, ಹಸಿರು ಎಂಬ ನಮ್ಮ ವಿಂಗಡಣೆ ಸಸ್ತನಿಗಳಿಗಾಗುವ ಅಪಾಯದ ಮೇಲೆ ನಿಂತದ್ದು. ಬಾಯಿಯಿಂದ ಹೋದರೆ ಕಿಲೋ ತೂಕಕ್ಕೆ 50 ಮಿ.ಗ್ರಾಂ. ಒಳಗೇ ಪ್ರಯೋಗದ ಪ್ರಾಣಿಗಳಲ್ಲಿ ಅರ್ಧ ಸತ್ತರೆ ಕೆಂಪು, 500ರ ತನಕ ಹಳದಿ, 5,000ದ ತನಕ ನೀಲಿ. ಹಕ್ಕಿಯ ಲೆಕ್ಕ ಅದರಲ್ಲಿಲ್ಲ. ಹಕ್ಕಿಯಿಂದ ಹಕ್ಕಿಗೂ ಅಜಗಜಾಂತರ: ಫಿಪ್ರೋನಿಲ್ ಕಾಡುಬಾತಿಗೆ ಕಿಲೋಗೆ 2,000 ಮಿ.ಗ್ರಾಂ. ದಾಟಿದರೂ ಪ್ರಾಣಾಂತಕವಲ್ಲ, ಗೌಜಲಿನ ದೂರದ ನೆಂಟನಾದ ಅಮೆರಿಕದ ಬಾಬ್‌ವೈಟ್ ಹಕ್ಕಿಗೆ ಸುಮಾರು 11 ಮಿ.ಗ್ರಾಂ. ಸಾಕು.

ಲೇಪಿತ ಬೀಜದ ಅಪಾಯವನ್ನು ಕಾಗದದ ಮೇಲೇ ಅಂದಾಜು ಮಾಡಬಹುದು. ಲೀಟರಿಗೆ 600 ಗ್ರಾಂ ಇಮಿಡಾಕ್ಲೋಪ್ರಿಡ್ ಇರುವ ಔಷಧಿಯನ್ನು ಕಿಲೋ ಬೀಜಕ್ಕೆ 4 ಮಿ.ಲೀ. ಹಚ್ಚಿದರು ಎನ್ನಿ. ಕಿಲೋಗೆ 2.4 ಗ್ರಾಂ ವಿಷ. ಒಂದು ಮುಸುಕಿನ ಜೋಳದ ಕಾಳು 0.3 ಗ್ರಾಂ ಇದ್ದರೆ ಕಾಳಿಗೆ 0.72 ಮಿ.ಗ್ರಾಂ. ಜಪಾನಿ ಲಾವಕ್ಕಿಯಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ ಕಿಲೋಗೆ 31 ಮಿ.ಗ್ರಾಂ. 250 ಗ್ರಾಂ ತೂಗುವ ಗೌಜಲಿಗೆ ಅದನ್ನೇ ಅನ್ವಯಿಸಿದರೆ 7.75 ಮಿ.ಗ್ರಾಂ., ಅಂದರೆ 11 ಕಾಳು. ಒಂದು ಬೆಳಗಿನ ಮೇವಿನಲ್ಲಿ 11 ಕಾಳು ಏನೂ ಅಲ್ಲ. ಸಾಯದಿದ್ದರೂ ಪಾರಾಯಿತು ಎನ್ನುವಂತಿಲ್ಲ: ಕೆನಡಾದಲ್ಲಿ 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಲಸೆಯ ಗುಬ್ಬಿಗಳಿಗೆ ಕಿಲೋಗೆ 3.9 ಮಿ.ಗ್ರಾಂ. ಇಮಿಡಾಕ್ಲೋಪ್ರಿಡ್ ಕೊಟ್ಟಾಗ ಆರು ಗಂಟೆಯೊಳಗೆ ಮೈತೂಕ ಶೇ. 6ರಷ್ಟು ಇಳಿಯಿತು, ಮುಂದಿನ ಪಯಣ ಮೂರೂವರೆ ದಿನ ತಡವಾಯಿತು. ಬಿತ್ತಿದ ಮೇಲೆ ಮಣ್ಣಿನ ಮೇಲೆ ಉಳಿದ ಕಾಳು ಎಣಿಸಲು ಒಂದು ಮೀಟರ್ ಚೌಕದ ಚೌಕಟ್ಟನ್ನು ಹೊಲದಲ್ಲಿ 20 ಕಡೆ ಇಟ್ಟು ನೋಡಿ. ಕೂರಿಗೆ ತಿರುಗುವ ತಲೆಸಾಲಿನಲ್ಲಿ ಬೇರೆಡೆಗಿಂತ ಹೆಚ್ಚು ಚೆಲ್ಲಿರುತ್ತದೆ, ಅಲ್ಲಿ ಬೇರೆಯಾಗಿ ಎಣಿಸಿ.

ಹಕ್ಕಿ ಎಣಿಕೆ

ಬೆಳಗ್ಗೆ 6.15ರಿಂದ 9 ಗಂಟೆ. ಕಾಫಿಯಲ್ಲಿ ನಿಂತು ಎಣಿಸಿ: ನಿಂತ ಬಿಂದುವಿನ ಸುತ್ತ 30 ಮೀಟರ್, ಬಿಂದುಗಳ ನಡುವೆ 200 ಮೀಟರ್. ತಲುಪಿ 2 ನಿಮಿಷ ಸುಮ್ಮನಿದ್ದು 8 ನಿಮಿಷ ಎಣಿಸಬೇಕು. ಬಯಲು ಹೊಲದಲ್ಲಿ ಬದುವಿನ ಮೇಲೆ 500 ಮೀಟರ್ ನಿಧಾನ ನಡೆಯುತ್ತಾ ಎರಡೂ ಬದಿಯ 50 ಮೀಟರ್ ನೋಡಿ. ಕಂಡದ್ದು, ಕೇಳಿದ್ದು ಬೇರೆ ಬೇರೆ ಬರೆಯಿರಿ. ಮೇಲೆ ಹಾರಿಹೋಗುವ ಹಕ್ಕಿ ಬೇಡ, ಹೊಲದ ಮೇಲೆಯೇ ಬೇಟೆಯಾಡುವ ಕಳ್ಳಿಪೀರ, ಕವಲುತೋಕೆಗಳು ಬೇಕು. ಸೊನ್ನೆ ಬಂದ ದಿನವನ್ನೂ ಬರೆಯಿರಿ. ಸೊನ್ನೆ ಬಿಟ್ಟ ಪಟ್ಟಿಯಲ್ಲಿ ಹಕ್ಕಿ ಯಾವತ್ತೂ ಕಡಿಮೆಯಾಗುವುದಿಲ್ಲ.

ಔಷಧಿ ಹೊಡೆಯುವ ಮುಂಚಿನ ವಾರ ಎರಡು ಸಲ, ಹೊಡೆದ ಮೇಲೆ 1, 3, 7, 15, 30ನೇ ದಿನ. ಜೋಡಿಯ ಎರಡೂ ಹೊಲವನ್ನು ಒಬ್ಬರೇ ಎಣಿಸಬೇಕು, ಇವತ್ತು ಮೊದಲು ನೋಡಿದ್ದನ್ನು ಮುಂದಿನ ಸಲ ಕೊನೆಗೆ ನೋಡಬೇಕು. ಮಳೆ, ಜೋರು ಗಾಳಿ ಇದ್ದರೆ ಅವತ್ತಿನ ಎಣಿಕೆ ಬೇಡ. ಮಲೆನಾಡಿನ ಜೂನ್–ಸೆಪ್ಟೆಂಬರ್ ಇದಕ್ಕೆ ಆಗಿಬರುವುದಿಲ್ಲ.

ಎರಡು ಕಡೆ ಲೆಕ್ಕ ತಪ್ಪುತ್ತದೆ. ಮುಸುಕಿನ ಜೋಳ ಆಳೆತ್ತರ ಆದ ಮೇಲೆ ಒಳಗಿನ ಹಕ್ಕಿ ಕಾಣುವುದಿಲ್ಲ, ಆ "ಇಳಿಕೆ" ಬೆಳೆಯ ಎತ್ತರದ್ದು. ಮೊಣಕಾಲೆತ್ತರ ದಾಟಿದ ಮೇಲೆ ಬದು, ಬೇಲಿಯ ಹಕ್ಕಿಗಳನ್ನು ಮಾತ್ರ ಹೋಲಿಸಿ. ಇನ್ನೊಂದು, ಕಾಫಿಯ ಅಕ್ಟೋಬರ್ ಸಿಂಪಡಣೆಯ ಹೊತ್ತಿಗೇ ಉತ್ತರದಿಂದ ಉಲಿಯಕ್ಕಿಗಳೂ ಸಿಪಿಲೆಗಳೂ ಬಂದಿಳಿಯುತ್ತವೆ. ಔಷಧಿ ಹೊಡೆದ ಮೇಲೆ ಹಕ್ಕಿ ಹೆಚ್ಚಾದಂತೆ ಕಾಣುತ್ತದೆ! ವಲಸೆ ಹಕ್ಕಿ, ಸ್ಥಳೀಯ ಹಕ್ಕಿ ಎಂದು ಎರಡು ಮೊತ್ತ ಮಾಡಿ. ಹೊಡೆಯದ ಹೊಲವೊಂದು ಜೊತೆಗೆ ಇರಲೇಬೇಕು ಎನ್ನುವುದೂ ಇದಕ್ಕೇ.

ಒಂದೇ ಹಕ್ಕಿ ನೋಡಿ ತೀರ್ಮಾನಕ್ಕೆ ಬರಬೇಡಿ. 2023ರ ದೇಶಮಟ್ಟದ ಹಕ್ಕಿಗಳ ಸ್ಥಿತಿ ವರದಿಯಲ್ಲಿ ನವಿಲು ಹೆಚ್ಚಾಗಿದೆ, ನಮ್ಮ ರಾಜ್ಯಪಕ್ಷಿ ನೀಲಕಂಠ ಇಳಿದಿದೆ. ಇಬ್ಬರೂ ಒಂದೇ ಹೊಲದಲ್ಲಿ ಮೇಯುವವರು. ಗುಂಪುಗಳಾಗಿ ನೋಡಿ: ನೆಲದ ಹುಳು ತಿನ್ನುವವು, ಗಾಳಿಯಲ್ಲಿ ಹಿಡಿಯುವವು, ಕಾಳು ತಿನ್ನುವವು, ಬೇಟೆ ಹಕ್ಕಿಗಳು, ಹಣ್ಣು ತಿನ್ನುವವು. ವಿಷವೇ ಕಾರಣವಾಗಿದ್ದರೆ ಅದರ ದಾರಿಯಲ್ಲಿರುವ ಗುಂಪು ಇಳಿಯಬೇಕು, ಹಣ್ಣಿನ ಗುಂಪು ಹಾಗೇ ಇರಬೇಕು. ಎಲ್ಲವೂ ಒಟ್ಟಿಗೆ ಇಳಿದರೆ ಯಾರೋ ಬೇಲಿ ಕಡಿದಿರಬಹುದು.

ಗೂಡಿನ ಕಾಲದಲ್ಲಿ, ಅಂದರೆ ಹೆಚ್ಚಿನವಕ್ಕೆ ಫೆಬ್ರವರಿಯಿಂದ ಜೂನ್, ಗೀಜಗನಿಗೆ ಮಳೆಗಾಲದಲ್ಲಿ, ಗೂಡುಗಳನ್ನು ದೂರದಿಂದ ದುರ್ಬೀನಿನಲ್ಲಿ ನೋಡಿ. ತಾಯಿ ಹಕ್ಕಿ ಗಂಟೆಗೆ ಎಷ್ಟು ಸಲ ಮೇವು ತಂದಿತು ಎಂಬ ಒಂದು ಸಂಖ್ಯೆ, ಹೊಡೆಯುವ ಹಿಂದಿನ ದಿನ ಮತ್ತು ಮೂರನೆಯ ದಿನ, ಬಹಳ ಹೇಳುತ್ತದೆ. ಗೂಡು ಮುಟ್ಟಬೇಡಿ, ಸುತ್ತಲ ಎಲೆ ಸರಿಸಬೇಡಿ. ಕೆಂಬೂತವೂ ಕಾಗೆಯೂ ನಿಮ್ಮನ್ನೇ ಗಮನಿಸುತ್ತಿರುತ್ತವೆ.

ಹುಳುಗಳ ಲೆಕ್ಕ

200 ಮಿ.ಲೀ. ಪ್ಲಾಸ್ಟಿಕ್ ಲೋಟವನ್ನು ಬಾಯಿ ನೆಲಮಟ್ಟಕ್ಕೆ ಬರುವಂತೆ ಹೂತು ಮೂರನೇ ಒಂದು ಪಾಲು ನೀರು, ಎರಡು ಹನಿ ವಾಸನೆಯಿಲ್ಲದ ಸೋಪು. ಹೊಲಕ್ಕೆ 10 ಲೋಟ, ನಡುವೆ 5 ಮೀಟರ್, 48 ಗಂಟೆ. ಅಂಚು ಒಂದು ಬೆರಳು ಮೇಲೆದ್ದರೂ ಜೀರುಂಡೆ ಸುತ್ತು ಹಾಕಿ ಹೋಗುತ್ತದೆ. ಮಳೆನೀರು ತುಂಬದಂತೆ ಮೇಲೆ ಮೂರು ಕಡ್ಡಿಯ ಮೇಲೊಂದು ತಟ್ಟೆ. ಬೆಳೆಯ ಮೇಲಿನ ಹುಳುಗಳಿಗೆ ಬಲೆ ಬೀಸಿ, 20 ಬೀಸಿಗೆ ಒಂದು ಮಾದರಿ, ಹೊಲಕ್ಕೆ 5 ಮಾದರಿ. ಎರೆಹುಳಕ್ಕೆ 30 ಸೆಂ.ಮೀ. ಚೌಕ, 20 ಸೆಂ.ಮೀ. ಆಳದ ಗುಂಡಿ. ವರ್ಷವರ್ಷವೂ ಬೋರ್ಡೋ ದ್ರಾವಣ ಬಿದ್ದ ಅಡಿಕೆ, ಕಾಫಿ ತೋಟಗಳಲ್ಲಿ ತಾಮ್ರ ಮಣ್ಣಿನಲ್ಲಿ ಕೂಡಿಕೊಳ್ಳುವುದರಿಂದ ಇದನ್ನು ಬಿಡಬೇಡಿ. ಹುಳುವಿನ ಜಾತಿ ಹೆಸರು ಗೊತ್ತಾಗದಿದ್ದರೂ 5 ಮಿ.ಮೀ.ಗಿಂತ ಸಣ್ಣ, ದೊಡ್ಡ ಎಂದು ಬೇರ್ಪಡಿಸಿ. ಮರಿಗಳಿಗೆ ಹೋಗುವುದು ಹೆಚ್ಚಾಗಿ ದೊಡ್ಡವೇ.

ಈ ಲೆಕ್ಕ ಇಲ್ಲದೆ ಹೋದರೆ ನಿಧಾನದ ಹಾನಿ ಹಿಡಿಯಲಾಗದು. ನೆದರ್‌ಲೆಂಡ್ಸ್‌ನ 2014ರ ಅಧ್ಯಯನದಲ್ಲಿ ನೀರಿನಲ್ಲಿ ಇಮಿಡಾಕ್ಲೋಪ್ರಿಡ್ ಲೀಟರಿಗೆ 20 ನ್ಯಾನೋಗ್ರಾಂ ಮೀರಿದ ಕಡೆ ಹುಳು ತಿನ್ನುವ ಹಕ್ಕಿಗಳು ವರ್ಷಕ್ಕೆ ಸರಾಸರಿ ಶೇ. 3.5ರಂತೆ ಇಳಿದಿದ್ದವು.

ಸತ್ತ ಹಕ್ಕಿ ಸಿಕ್ಕರೆ

ಬಿತ್ತನೆಯ ಅಥವಾ ಹರಳು ಹಾಕಿದ ಮರುದಿನದಿಂದ ಐದು ದಿನ, ಬೆಳಕು ಹರಿಯುತ್ತಲೇ, 5 ಮೀಟರ್ ಅಗಲದ ಪಟ್ಟಿಗಳಾಗಿ ಹೊಲವನ್ನೂ ಬೇಲಿಯ ಬುಡವನ್ನೂ ಹುಡುಕಿ. ಸಿಂಪಡಿಸಿದ ಹೊಲಕ್ಕೆ ಔಷಧಿ ಪೂರ್ತಿ ಒಣಗುವ ತನಕ, ಅಥವಾ ಲೇಬಲ್ ಹೇಳಿದ ಅವಧಿಯ ತನಕ ಇಳಿಯಬೇಡಿ. ಸಿಕ್ಕಿದ್ದಷ್ಟೇ ಸತ್ತದ್ದಲ್ಲ, ಆದ್ದರಿಂದ ನಿಮ್ಮ ಹುಡುಕಾಟವನ್ನೇ ಪರೀಕ್ಷೆಗೊಡ್ಡಿ. ಹುಡುಕುವವರಿಗೆ ಹೇಳದೆ ಬಟ್ಟೆಯ ಕಂದು ಗೊಂಬೆ 20 ಇಡಿ. ನಾಯಿ, ಮುಂಗುಸಿ ಎತ್ತಿಕೊಂಡು ಹೋಗದೆ ಎಷ್ಟು ಶವ ಉಳಿಯುತ್ತವೆ ಎಂದು ತಿಳಿಯಲು ಕೋಳಿರೋಗದ ಸುದ್ದಿ ಇಲ್ಲದ ಸಮಯದಲ್ಲಿ ಹ್ಯಾಚರಿಯ ಸತ್ತ ಮರಿ 20 ಇಟ್ಟು 24 ಗಂಟೆ ಬಿಟ್ಟು ನೋಡಿ. ಗೊಂಬೆಗಳಲ್ಲಿ 12 ಸಿಕ್ಕರೆ 0.6, ಮರಿಗಳಲ್ಲಿ 10 ಉಳಿದರೆ 0.5. ಎರಡನ್ನೂ ಗುಣಿಸಿದರೆ 0.3. ಹೊಲದಲ್ಲಿ 4 ಹಕ್ಕಿ ಸಿಕ್ಕಿದ್ದರೆ 4 ಭಾಗಿಸು 0.3, ಸುಮಾರು 13.

ಬರಿಗೈಯಲ್ಲಿ ಮುಟ್ಟಬೇಡಿ. ನೈಟ್ರೈಲ್ ಕೈಗವಸು, ಮಾಸ್ಕ್ ಕಡ್ಡಾಯ. ಅದು ವಿಷವೇ ಇರಬೇಕೆಂದಿಲ್ಲ, ಹಕ್ಕಿಜ್ವರವೂ ಆಗಿರಬಹುದು. ಬಿದ್ದ ಜಾಗದಲ್ಲೇ ಫೋಟೋ, ಜೊತೆಗೆ ಅಳತೆಪಟ್ಟಿ. ಬಾಯಲ್ಲಿ ಜೊಲ್ಲು, ಮುದುಡಿದ ಬೆರಳು, ಹರಡಿದ ರೆಕ್ಕೆ, ಕೊಕ್ಕಿನಲ್ಲಿ ಬಣ್ಣದ ಕಾಳು, ಹಲವು ಜಾತಿಯ ಹಕ್ಕಿ ಒಂದೇ ಕಡೆ ಬಿದ್ದಿರುವುದು ವಿಷದ ಸುಳಿವು. ಅಷ್ಟರಿಂದಲೇ ತೀರ್ಪು ಕೊಡುವಂತಿಲ್ಲ.

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರಂತೆ ಸಂರಕ್ಷಿತ ಹಕ್ಕಿಯ ಶವವೂ ಸರ್ಕಾರದ ಆಸ್ತಿ. ನವಿಲಂತೂ ಮೊದಲನೇ ಅನುಸೂಚಿಯಲ್ಲಿದೆ. ಎತ್ತುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ, ಅಧ್ಯಯನ ಶುರುಮಾಡುವ ಮುಂಚೆಯೇ ಲಿಖಿತ ಅನುಮತಿ ಕೇಳಿ. ಶವಪರೀಕ್ಷೆಗೆ ಹಾಸನದಲ್ಲೇ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಹಕ್ಕಿಗಳಲ್ಲಿನ ವಿಷಶೇಷ ಪರೀಕ್ಷೆಯಲ್ಲಿ ಕೊಯಮತ್ತೂರು ಬಳಿ ಆನೈಕಟ್ಟಿಯ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರಕ್ಕೆ ಬಹಳ ವರ್ಷದ ಅನುಭವವಿದೆ. ಮಾದರಿ ಕಳುಹಿಸುವ ಬಗೆಯನ್ನು ಮೊದಲೇ ಮಾತಾಡಿಕೊಂಡಿರಿ. ಹಕ್ಕಿ ಕೈಗೆ ಬಂದ ಮೇಲೆ ಫೋನ್ ಹುಡುಕುತ್ತಾ ಕೂತರೆ ಅದು ಕೊಳೆಯುತ್ತದೆ.

ವೈದ್ಯರು ಗಂಟಲಚೀಲ ಮತ್ತು ಕಂದನಕಾಯಿಯ ಒಳಗಿನದು, ಯಕೃತ್ತು, ಮೆದುಳು ತೆಗೆದು ಒಂದೊಂದನ್ನೂ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಚೀಟಿ ಹಾಕಿ, ಮಂಜುಗಡ್ಡೆಯ ಪೆಟ್ಟಿಗೆಗೆ ಸೇರಿಸಬೇಕು. ಉಳಿಸಿಡಲು ಮೈನಸ್ 20 ಡಿಗ್ರಿ. ಇಲಿಪಾಷಾಣದ ಗುಮಾನಿ ಇದ್ದರೆ ಯಕೃತ್ತು ಮುಖ್ಯ. ಕ್ಲೋರ್‌ಪೈರಿಫಾಸ್‌ನಂಥ ರಂಜಕ ವರ್ಗದ ಕೀಟನಾಶಕ ಅಥವಾ ಕಾರ್ಬೊಫ್ಯುರಾನ್‌ನಂಥ ಕಾರ್ಬಮೇಟ್ ಎನಿಸಿದರೆ ಮೆದುಳಿನ ಕೋಲಿನೆಸ್ಟರೇಸ್ (ಈ ವಿಷಗಳು ಕಟ್ಟಿಹಾಕುವ ನರದ ಕಿಣ್ವ) ಅಳೆಸಿ: ಆರೋಗ್ಯವಂತ ಹಕ್ಕಿಗಿಂತ ಶೇ. 20ಕ್ಕೂ ಹೆಚ್ಚು ಇಳಿದಿದ್ದರೆ ವಿಷ ತಗುಲಿದೆ, ಶೇ. 50 ದಾಟಿದ್ದು ಹೊಟ್ಟೆಯಲ್ಲೂ ಆ ರಾಸಾಯನಿಕ ಸಿಕ್ಕರೆ ಸಾವಿಗೆ ಅದೇ ಕಾರಣ ಎನ್ನಬಹುದು. ಆ ಆರೋಗ್ಯವಂತ ಹಕ್ಕಿ ಅದೇ ಜಾತಿಯದಾಗಿರಬೇಕು. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕು ಸತ್ತವನ್ನು ಅನುಮತಿಯೊಂದಿಗೆ ಉಳಿಸಿಟ್ಟರೆ ಆ ಕೊರತೆ ನೀಗುತ್ತದೆ. ಕಾರ್ಬಮೇಟ್‌ನ ಹಿಡಿತ ಬೆಚ್ಚಗಿನ ಶವದಲ್ಲಿ ತಾನಾಗಿ ಬಿಟ್ಟುಹೋಗುವುದರಿಂದ, ತಡವಾಗಿ ಹೆಪ್ಪುಗಟ್ಟಿಸಿದ ಮೆದುಳು "ಏನೂ ಇಲ್ಲ" ಎಂದು ತಪ್ಪು ಹೇಳುತ್ತದೆ.

ಕೂಡಿಸಿ ಕಳೆದು ನೋಡುವುದು

ಹೊಡೆದ ಹೊಲದಲ್ಲಿ ಮೊದಲು ಸರಾಸರಿ 24 ಹಕ್ಕಿ, ಆಮೇಲೆ 15. ಜೋಡಿಯ ಹೊಡೆಯದ ಹೊಲದಲ್ಲಿ 22 ಇದ್ದದ್ದು 20 ಆಯಿತು ಎನ್ನಿ. ಮೊದಲನೆಯದರಲ್ಲಿ 9 ಇಳಿಯಿತು, ಎರಡನೆಯದರಲ್ಲಿ 2. ಆ 2 ಮಳೆಯದೋ ಋತುವಿನದೋ. ಉಳಿದ 7 ಔಷಧಿಯ ಲೆಕ್ಕಕ್ಕೆ ಬರಬಹುದು. ಪ್ರತಿ ಜೋಡಿಗೂ ಹೀಗೆ ಒಂದೊಂದು ಸಂಖ್ಯೆ ತೆಗೆದು ಸಾಲಾಗಿ ಬರೆಯಿರಿ. 12 ಜೋಡಿಯಲ್ಲಿ 10 ಅಥವಾ ಹೆಚ್ಚು ಕಡೆ ಇಳಿಕೆಯೇ ಇದ್ದರೆ ಅದು ಕೇವಲ ಆಕಸ್ಮಿಕ ಆಗುವ ಸಂಭವ ಶೇ. 2ರ ಆಸುಪಾಸು. 7 ಕಡೆ ಇಳಿಕೆ, 5 ಕಡೆ ಏರಿಕೆ ಎಂದಾದರೆ ಏನೂ ಹೇಳಲಾಗದು, ಹಾಗೆಂದೇ ಬರೆಯಿರಿ. ಅದೇ ಜೋಡಿಗಳಲ್ಲಿ ಹುಳುಗಳ ಸಂಖ್ಯೆಯನ್ನು ಪಕ್ಕದಲ್ಲಿ ಇಟ್ಟು ನೋಡಿ. ಹುಳು ಮೂರನೇ ದಿನ ಇಳಿದು, ಹಕ್ಕಿ ಏಳನೇ ದಿನ ಇಳಿದಿದ್ದರೆ ಹಸಿವಿನ ದಾರಿ. ಹುಳು ಇದ್ದೂ ಹಕ್ಕಿ ಮೊದಲ ದಿನವೇ ಇಳಿದಿದ್ದರೆ ನೇರ ವಿಷದ ದಾರಿ, ಅಥವಾ ಟ್ಯಾಂಕ್ ಹೊತ್ತ ಆಳುಗಳ ಓಡಾಟಕ್ಕೆ ಬೆದರಿ ಹೋದದ್ದು. ಬೆದರಿದವು ಮೂರನೇ ದಿನಕ್ಕೆ ಮರಳಿರುತ್ತವೆ.

ವರದಿಯಲ್ಲಿ ರೈತರ ಹೆಸರು, ಸರ್ವೆ ನಂಬರ್ ಬೇಡ, ಹೋಬಳಿ ಸಾಕು. ಪುಸ್ತಕ ತೆರೆದು ತೋರಿಸಿದವರಿಗೆ ಅವರ ಹೊಲದ ಅಂಕಿಗಳನ್ನು ಮೊದಲು ಕೊಡಿ, ಮುಂದಿನ ಬಿತ್ತನೆಗೆ ಮುಂಚೆ. ತಲೆಸಾಲಿನಲ್ಲಿ ಚೆಲ್ಲಿದ ಕಾಳಿನ ಮೇಲೆ ಮಣ್ಣು ಎಳೆಯುವುದು, ಹರಳನ್ನು ಬುಡದ ಮಣ್ಣಿನೊಳಗೆ ಮುಚ್ಚುವುದು, ಸತ್ತ ಇಲಿಗಳನ್ನು ಬೆಳಗ್ಗೆಯೇ ಆರಿಸಿ ಹೂಳುವುದು ಅದೇ ವರ್ಷ ಆಗುವ ಕೆಲಸಗಳು. ಮುಂದಿನ ಹಂಗಾಮಿನಲ್ಲಿ ಅದೇ ಹೊಲಗಳನ್ನು ಅದೇ ತಾರೀಕಿನ ಆಸುಪಾಸಿನಲ್ಲಿ ಮತ್ತೆ ಎಣಿಸಿ.